ಕಾಸರಗೋಡಿನಲ್ಲೇ ಇದ್ದು ಸ್ವಂತ ಹಾಡಿನ ಬ್ಯಾಂಡ್ ನಡೆಸಲು ಆಗುತ್ತದಾ? ಕೆಲಸ ಬಿಟ್ಟು ಬೆಂಗಳೂರಿಗೋ ಕೊಚ್ಚಿಗೋ ಹೋಗಬೇಕಾ?

ಕುಂಬಳೆ ಹತ್ತಿರದ ಊರು, ನಾಲ್ಕು ಜನ ಗೆಳೆಯರು, ಆರು ಕನ್ನಡ ಹಾಡು, ಮನೆಯಲ್ಲಿ ದಿನಾ ಬೈಗುಳ ಅಂತ ಬರೆದಿದ್ದೀರಿ. ನಿಮ್ಮ ಊರಿನ ಹೆಸರು ತೆಗೆದು ಬದಿಯಡ್ಕ ಅಂತ ಬರೆದರೆ, ನಾಲ್ವರನ್ನು ಐವರು ಮಾಡಿದರೆ, ಇದು 2016ರಲ್ಲಿ ನಾನೇ ಕೇಳಬಹುದಾಗಿದ್ದ ಪ್ರಶ್ನೆ. ಬೆಂಗಳೂರಾ ಕೊಚ್ಚಿಯಾ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಕಥೆ ಕೇಳಿ.

ನಾನು ಬೇಸ್ ಗಿಟಾರ್ ನುಡಿಸುತ್ತೇನೆ. ಹಗಲು ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳ ಸರಕಾರದ ಸೇವೆಗಳಿಗೆ ಅರ್ಜಿ ಹಾಕುವ ಕೇಂದ್ರದಲ್ಲಿ, ಕೆಲಸ. ಮಲಯಾಳಂ ಓದಲು ಬಾರದ ಕನ್ನಡದ ಅಜ್ಜ ಅಜ್ಜಿಯರಿಗೆ ಪಿಂಚಣಿ, ರೇಷನ್ ಕಾರ್ಡಿನ ಅರ್ಜಿ ತುಂಬಿ ಕೊಡುತ್ತೇನೆ. ಸಂಜೆ ಬಸ್ಸು ಹಿಡಿದು ನಮ್ಮ ಗಾಯಕನ ಮನೆಗೆ ಹೋಗುತ್ತೇನೆ. ಅವರ ಉಪ್ಪರಿಗೆಯಲ್ಲಿ ಅಡಿಕೆ ಗೋಣಿ ಇಡುವ ಕೋಣೆ ಉಂಟು, ಅದೇ ಪ್ರಾಕ್ಟೀಸ್ ರೂಮು. ಮೂರು ಗೋಡೆಗೂ ಗೋಣಿ ಪೇರಿಸಿದ್ದರೆ ಡ್ರಮ್ಸ್ ಶಬ್ದ ಗೋಣಿಯೊಳಗೇ ಇಂಗಿ ಹೋಗುತ್ತದೆ, ಪ್ರತಿ ಪೆಟ್ಟೂ ಬಿಡಿಸಿಟ್ಟ ಹಾಗೆ ಕೇಳುತ್ತದೆ. ಒಳ್ಳೆ ರೇಟು ಬಂತೆಂದು ಅವನ ಅಪ್ಪ ಅಡಿಕೆ ಮಾರಿದ ವಾರ ಕೋಣೆ ಗುಂಯ್ ಅನ್ನಲು ಶುರು. ನನ್ನ ದಪ್ಪ ತಂತಿ ಮೀಟಿದರೆ ಯಾವ ಸ್ವರ ಅಂತಲೇ ಗೊತ್ತಾಗುವುದಿಲ್ಲ. ಆಗ ಹಳೇ ಹಾಸಿಗೆ, ಕಂಬಳಿ ತಂದು ತೂಗು ಹಾಕುತ್ತೇವೆ.

ಡ್ರಮ್ಸ್, ಕೀಬೋರ್ಡ್, ಬೇಸ್, ಹಾಡುವವನ ಕೈಯಲ್ಲಿ ಒಂದು ಗಿಟಾರು, ಜೊತೆಗೆ ಚೆಂಡೆ. ಚೆಂಡೆಯವ ಯಕ್ಷಗಾನದ ಮನೆಯಿಂದ ಬಂದವ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಬ್ಯಾಂಡ್ ಕಟ್ಟಿ ಚೆಂಡೆ ಬಿಡುವುದು ಹೇಗೆ? ಮಳೆಗಾಲದಲ್ಲಿ ಚರ್ಮ ತಣಿದು ನಾದ ಇಳಿಯುತ್ತದೆ. ಅವ ಒಲೆಯ ಬಳಿ ಕೂತು ಅದನ್ನು ಕಾಯಿಸಿ ತರುವವರೆಗೆ ನಾವು ಕಾಯುತ್ತೇವೆ.

ಕಾರ್ಯಕ್ರಮ ಎಂದರೆ ನಿಮಗೂ ಗೊತ್ತಿರುವುದೇ. ಕ್ಲಬ್ಬಿನ ವಾರ್ಷಿಕೋತ್ಸವ, ಓಣಂ, ಜಾತ್ರೆಯ ಕೊನೆಯ ದಿನ. ತೆಂಕಣ ಕಡೆ ಕರೆದರೆ ಗಾನಮೇಳ, ನಮ್ಮ ಕಡೆ ಕರೆದರೆ ರಸಮಂಜರಿ. ಇಪ್ಪತ್ತು ಸಿನಿಮಾ ಹಾಡು ನುಡಿಸಿದರೆ ಎರಡು ಸ್ವಂತ ಹಾಡಿಗೆ ಜಾಗ. ಆ ಎರಡನ್ನೂ ಕೊನೆಗೆ ಇಡುತ್ತಿದ್ದೆವು, ಅದು ತಪ್ಪು. ಸಭೆ, ಸನ್ಮಾನ, ಮಕ್ಕಳ ಡ್ಯಾನ್ಸ್ ಎಲ್ಲ ಮುಗಿದು ನಾವು ವೇದಿಕೆ ಹತ್ತುವಾಗ ಒಂಬತ್ತೂಕಾಲು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಬಂದ್. ಹಬ್ಬದ ದಿನಗಳಲ್ಲಿ ಸರಕಾರ ಮಧ್ಯರಾತ್ರಿವರೆಗೆ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮೀರದೆ. ಹತ್ತಕ್ಕೆ ಸರಿಯಾಗಿ ಪೊಲೀಸರು ಬಂದು ನಿಲ್ಲುತ್ತಿದ್ದರು, ನಮ್ಮ ಸ್ವಂತ ಹಾಡು ಅಲ್ಲೇ ಉಳಿಯುತ್ತಿತ್ತು. ಈಗ ಎರಡನೆಯ ಹಾಡೇ ನಮ್ಮದು. ನೀವೂ ಹಾಗೇ ಮಾಡಿ.

ಪತ್ತನಾಜೆ ಕಳೆದ ಮೇಲೆ, ಅಂದರೆ ಮೇ ಕೊನೆಯ ವಾರದಿಂದ, ಊರಲ್ಲಿ ಯಕ್ಷಗಾನದ ಆಟವೂ ಇಲ್ಲ, ದೈವದ ನೇಮವೂ ಇಲ್ಲ. ನಮಗೂ ರಜೆ. ಆ ರಜೆಯಲ್ಲೇ 2017ರಲ್ಲಿ ಐದು ಹಾಡು ರೆಕಾರ್ಡ್ ಮಾಡಿದೆವು. ಬೇಸ್, ಕೀಬೋರ್ಡ್ ಉಪ್ಪರಿಗೆಯಲ್ಲೇ. ಡ್ರಮ್ಸ್, ಚೆಂಡೆ, ಹಾಡು ಮಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ. ಒಟ್ಟು 68 ಸಾವಿರ ಖರ್ಚು, ಐದು ಜನ ಸಮವಾಗಿ ಹಾಕಿದೆವು. ನನ್ನ ಪಾಲಿಗೆ ಅಮ್ಮ ಚಿಟ್ ಫಂಡಿನ ದುಡ್ಡು ಕೊಟ್ಟಿದ್ದರು.

ಇಲ್ಲಿಂದ ಸ್ವಲ್ಪ ನಿಧಾನ ಓದಿ ಮಾರಾಯ್ರೆ.

ಹಾಡು ಆ್ಯಪ್‌ಗಳಿಗೆ ಹೋಗಬೇಕಾದರೆ ಮಧ್ಯದಲ್ಲಿ ಒಂದು ವಿತರಣಾ ಕಂಪನಿ ಬೇಕು. ಅದರ ಸೈಟಿನಲ್ಲಿ ಖಾತೆ ತೆರೆಯಬೇಕು. ಕೆಲವು ಕಂಪನಿಗಳಿಗೆ ಪ್ರತಿ ವರ್ಷ ದುಡ್ಡು ಕಟ್ಟಬೇಕು, ನಾವು ಆರಿಸಿದ್ದು ಅಂಥದ್ದೇ. ರಾತ್ರಿ ಎಂಟೂವರೆ. ಕೀಬೋರ್ಡಿನವ ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟು ಕೂತಿದ್ದ. ಕೆಳಗಿನಿಂದ ಊಟಕ್ಕೆ ಕರೆಯುತ್ತಿದ್ದರು. ಇಮೇಲ್ ಕೇಳಿತು, ತನ್ನದು ಹಾಕಿದ. ಕಾರ್ಡ್ ಕೇಳಿತು, ತನ್ನದು ಹಾಕಿದ. ದುಡ್ಡು ಬರುವ ಖಾತೆಯೂ ಅವನದ್ದೇ. ಆಮೇಲೆ ಒಂದು ಕಡೆ ಹಾಡು ಬರೆದವರ ಪೂರ್ತಿ ಹೆಸರು ಕೇಳಿತು. ಅವ ತಲೆ ಎತ್ತಿ, "ಇಲ್ಲಿ ಯಾರದ್ದು ಹಾಕುವುದು?" ಎಂದ. ಉಳಿದವರು ಆಗಲೇ ಮೆಟ್ಟಿಲಿಳಿದಿದ್ದರು. "ನಿನ್ನದೇ ಹಾಕು, ನಾವೆಲ್ಲ ಒಂದೇ ಅಲ್ವಾ" ಎಂದವ ನಾನು. ಐದು ಹಾಡಿಗೂ ಅದೇ ಹೆಸರು. ಸಾಹಿತ್ಯ ಬರೆದವ ಗಾಯಕ. ರಾಗ ಹಾಕಿದ್ದು ಅವನೂ ನಾನೂ. ಕೀಬೋರ್ಡಿನವ ಮಾಡಿದ್ದು ವಾದ್ಯ ಸಂಯೋಜನೆ, ಅದೂ ದೊಡ್ಡ ಕೆಲಸವೇ. ಆದರೆ ದಾಖಲೆಯಲ್ಲಿ ಎಲ್ಲವೂ ಅವನದ್ದಾಯಿತು.

ದಿನಕ್ಕೆ ನಲವತ್ತು ಜನರ ಅರ್ಜಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೆ ತಿದ್ದಿಸಿ ಕಳುಹಿಸುವವ ನಾನು. ನಮ್ಮದೇ ಹಾಡಿನ ಅರ್ಜಿಯಲ್ಲಿ ಹೆಸರು ನೋಡಲಿಲ್ಲ. ಇದು ನನಗೆ ಇವತ್ತಿಗೂ ಸಹಿಸಲು ಕಷ್ಟ.

ಇನ್ನೂ ಎರಡು ವಿಷಯ ಅವತ್ತೇ ತಪ್ಪಿತು. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಒಂದು ಸಂಕೇತ ಸಿಗುತ್ತದೆ, ಅದು ಆ ಮುದ್ರಣಕ್ಕೆ ಕಾಯಂ. ನಾವು ಅದನ್ನು ಎಲ್ಲೂ ಬರೆದಿಡಲಿಲ್ಲ. ಮತ್ತೆ ಒಂದೊಂದು ವಾದ್ಯದ ಬೇರೆ ಬೇರೆ ಟ್ರ್ಯಾಕ್ ಇರುವ ಮೂಲ ಫೈಲುಗಳು ಅವನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದವು. ನಮ್ಮ ಫೋನುಗಳಲ್ಲಿ ಇದ್ದದ್ದು ಎಂಪಿ3.

2019ರಲ್ಲಿ ಅವನಿಗೆ ಶಾರ್ಜಾದಲ್ಲಿ ಕೆಲಸ ಸಿಕ್ಕಿತು. ನಮ್ಮ ಊರಲ್ಲಿ ಗಲ್ಫಿಗೆ ಹೋಗದ ಮನೆ ಯಾವುದುಂಟು, ಎಲ್ಲರೂ ಸಂತೋಷದಿಂದ ಕಳುಹಿಸಿದೆವು. ಹೋಗುವ ಮೊದಲು ಹಳೇ ಲ್ಯಾಪ್‌ಟಾಪ್ ಅಳಿಸಿ ಮಾರಿದ. ಮರುವರ್ಷ ಕೊರೊನಾ. ಅವನ ಊರಿನ ಬ್ಯಾಂಕ್ ಕಾರ್ಡಿನ ಅವಧಿ ಮುಗಿದಿತ್ತು. ವಾರ್ಷಿಕ ದುಡ್ಡು ಹೋಗಲಿಲ್ಲ. ಎಚ್ಚರಿಕೆಯ ಮೇಲ್‌ಗಳು ಅವ ತೆರೆಯದ ಹಳೇ ಮೇಲ್‌ಗೆ ಬಂದು ಬಿದ್ದವು. 2020ರ ಜುಲೈಯಲ್ಲಿ ನಮ್ಮ ಐದೂ ಹಾಡು ಎಲ್ಲ ಆ್ಯಪ್‌ಗಳಿಂದ ಇಳಿದು ಹೋದವು. ನಮಗೆ ಗೊತ್ತಾಗಿದ್ದು ಪೆರ್ಲದ ಒಬ್ಬರು ಟೀಚರ್ ಫೋನ್ ಮಾಡಿ, "ಮಕ್ಕಳಿಗೆ ಕೇಳಿಸಬೇಕಂತ ಹುಡುಕಿದೆ, ನಿಮ್ಮ ಹಾಡು ಕಾಣುವುದಿಲ್ಲವಲ್ಲ?" ಎಂದಾಗ.

ಮತ್ತೆ ಹಾಕಿದೆವು. ಹಳೇ ಸಂಕೇತ ಕೊಟ್ಟಿದ್ದರೆ ಹಿಂದೆ ಕೇಳಿದವರ ಲೆಕ್ಕ ಮತ್ತೆ ಸೇರುವ ಸಾಧ್ಯತೆ ಇತ್ತು. ಹೊಸ ಸಂಕೇತ ಬಿತ್ತು, ಮೂರು ವರ್ಷದ ಲೆಕ್ಕ ಸೊನ್ನೆಯಾಯಿತು. ಅದನ್ನಾದರೂ ಸಹಿಸಬಹುದಿತ್ತು. ಅದೇ ಹೊತ್ತಿಗೆ ಒಂದು ಕಿರುಚಿತ್ರದವರು ನಮ್ಮ ಒಂದು ಹಾಡಿಗೆ 40 ಸಾವಿರ ಕೊಡುತ್ತೇವೆ, ಬರೆದವರ ಸಹಿ ಬೇಕು ಎಂದರು. ಅವರು ನೋಡಿದ ಹಳೇ ದಾಖಲೆಯಲ್ಲಿ ಇದ್ದದ್ದು ಶಾರ್ಜಾದವನ ಹೆಸರು. ಗಾಯಕ ನನ್ನ ಮುಖ ನೋಡಿದ. "ನನ್ನ ಅಜ್ಜಿಯ ಮೇಲೆ ನಾನು ಬರೆದ ಹಾಡಿಗೆ ಅವನ ಸಹಿ ಕೇಳಬೇಕಾ?" ಅಂದ. ಅತ್ತ ಫೋನಿನಲ್ಲಿ ಕೀಬೋರ್ಡಿನವ, "ನಾನು ಕದ್ದೆ ಅಂತ ಹೇಳುವುದಾ ನೀವು?" ಅಂದ. ಇಬ್ಬರದ್ದೂ ಸುಳ್ಳಲ್ಲ. ಯಾರೂ ಕದ್ದಿರಲಿಲ್ಲ. ಕಿರುಚಿತ್ರದವರು ಒಂದು ವಾರ ಕಾದು ಬೇರೆ ಹಾಡು ನೋಡಿಕೊಂಡರು. ಅವರಿಬ್ಬರ ಮಾತು ಅಲ್ಲಿಗೆ ನಿಂತಿತು. ಬ್ಯಾಂಡೂ ನಿಂತಿತು. ಎರಡು ವರ್ಷ ಆ ಕೋಣೆಯಲ್ಲಿ ಬರೀ ಅಡಿಕೆ ಇತ್ತು.

ಈಗ ನಿಮ್ಮ ಪ್ರಶ್ನೆ. ಯಾವ ಪೇಟೆಗೆ ಹೋಗಬೇಕು ಅನ್ನುವುದೇ ಸರಿಯಾದ ಪ್ರಶ್ನೆ ಅಲ್ಲ ಅಂತ ನನ್ನ ಅಭಿಪ್ರಾಯ. ನಾವು ಬೆಂಗಳೂರಿನಲ್ಲಿ ಇದ್ದಿದ್ದರೂ ಅವ ಶಾರ್ಜಾಕ್ಕೆ ಹೋಗುತ್ತಿದ್ದ, ಹಾಡು ಇಳಿದೇ ಹೋಗುತ್ತಿತ್ತು. ಹಾಡು ಯಾರ ಹೆಸರಿನಲ್ಲಿ ಉಂಟು, ಬೀಗದ ಕೈ ಯಾರ ಹತ್ತಿರ ಉಂಟು, ಅದನ್ನು ಮೊದಲು ಕೇಳಿಕೊಳ್ಳಿ.

ಕಾನೂನು ಕಷ್ಟದ್ದೇನಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯ ಬರೆದವನ ಹಕ್ಕು ಬೇರೆ, ರಾಗ ಹಾಕಿದವನದ್ದು ಬೇರೆ, ಧ್ವನಿಮುದ್ರಣದ ಹಕ್ಕು ಮೂರನೆಯದು. ನೋಂದಣಿ ಮಾಡಿಸಲೇಬೇಕು ಅಂತ ಇಲ್ಲ, ಬರೆದ ಕೂಡಲೇ ಹಕ್ಕು ಬರುತ್ತದೆ. ಆದರೆ ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಡುವುದಾದರೆ ಅದು ಬರಹದಲ್ಲೇ ಇರಬೇಕು, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿಯ ನಂತರ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲನ್ನು ಯಾವ ಕಂಪನಿಯೂ ಪೂರ್ತಿ ಬರೆಸಿಕೊಳ್ಳುವಂತಿಲ್ಲ. ಆ ದುಡ್ಡು ಸಂಗ್ರಹಿಸಿ ಕೊಡಲು 1969ರಿಂದ ಐಪಿಆರ್‌ಎಸ್ ಅಂತ ಒಂದು ಸಂಸ್ಥೆ ಉಂಟು, ಬರೆದವರೂ ರಾಗ ಹಾಕಿದವರೂ ಅಲ್ಲಿ ಸದಸ್ಯರಾಗಬಹುದು. ಆದರೆ ಯಾವುದು ಯಾರದ್ದು ಅಂತ ನಿಮಗೇ ಗೊತ್ತಿಲ್ಲದಿದ್ದರೆ ಇದೆಲ್ಲ ಇದ್ದು ಎಂತ ಪ್ರಯೋಜನ?

2022ರಲ್ಲಿ ನಾವು ಮೂವರು ಹಳಬರು, ಇಬ್ಬರು ಹೊಸಬರು ಸೇರಿ ಮತ್ತೆ ಶುರು ಮಾಡಿದೆವು. ಮೊದಲ ದಿನ ನಾನು ತೆಗೆದುಕೊಂಡು ಹೋದದ್ದು ಇನ್ನೂರು ಪುಟದ ಒಂದು ಉದ್ದ ನೋಟ್ ಪುಸ್ತಕ. ಒಂದು ಹಾಡಿಗೆ ಒಂದು ಪುಟ. ಹಾಡಿನ ಮೊದಲ ಸಾಲು, ತಾರೀಕು, ಸಾಹಿತ್ಯ ಯಾರದ್ದು, ರಾಗ ಯಾರದ್ದು, ನೂರರಲ್ಲಿ ಯಾರಿಗೆ ಎಷ್ಟು, ಒಬ್ಬ ಬಿಟ್ಟು ಹೋದರೆ ಏನು, ಕೊನೆಗೆ ಐದು ಸಹಿ. ಹೊಸ ಡ್ರಮ್ಸಿನ ಹುಡುಗ, "ಅಣ್ಣಾ, ನಮ್ಮೊಳಗೆ ಎಂತಕ್ಕೆ ಇದೆಲ್ಲ?" ಎಂದ. ನಾನು ಹಳೇ ಕಥೆ ಹೇಳಿದೆ, ಅವ ಪೆನ್ನು ಕೇಳಿದ.

ಮೊದಲ ಪುಟಕ್ಕೆ ಎರಡು ಗಂಟೆ ಬೇಕಾಯಿತು. ಚೆಂಡೆಯವ ಒಂದು ಪ್ರಶ್ನೆ ಎತ್ತಿದ. "ಈ ಹಾಡು ಶುರುವಾಗುವುದೇ ನನ್ನ ಪೆಟ್ಟಿನಿಂದ. ಅದು ತೆಗೆದರೆ ಹಾಡೇ ಇಲ್ಲ. ಅದು ರಾಗದ ಲೆಕ್ಕಕ್ಕೆ ಬರುವುದಾ, ಬರುವುದಿಲ್ಲವಾ?" ಐದು ವರ್ಷ ಜೊತೆಗಿದ್ದರೂ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ. ಚೆಂಡೆ ಬಿಟ್ಟು ಒಮ್ಮೆ ನುಡಿಸಿ ನೋಡಿದೆವು. ಅವ ಹೇಳಿದ್ದು ಸರಿ. ನೂರರಲ್ಲಿ ಹತ್ತು ಅವನಿಗೆ ಬರೆದೆವು. ಆ ಪುಟದಲ್ಲಿ ಅವನ ಬೆರಳಿನ ಕರಿ ಈಗಲೂ ಉಂಟು.

ಖಾತೆ ಈಗ ಬ್ಯಾಂಡಿನ ಹೆಸರಿನ ಒಂದು ಮೇಲ್‌ನಲ್ಲಿದೆ, ಪಾಸ್‌ವರ್ಡ್ ಮೂವರ ಬಳಿ. ಮೂಲ ಫೈಲುಗಳು ಎರಡು ಹಾರ್ಡ್ ಡಿಸ್ಕ್‌ನಲ್ಲಿ, ಎರಡು ಮನೆಯಲ್ಲಿ. ನಮ್ಮ ಮಳೆಯ ತೇವಕ್ಕೆ ಡಿಸ್ಕ್ ಕೂಡ ಹಾಳಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಕೆಲಸ ಬಿಡಬೇಡಿ. ನಮ್ಮ ಸೀಮೆಯಲ್ಲಿ ಕಾರ್ಯಕ್ರಮ ಜೋರಾಗಿ ಇರುವುದು ದೀಪಾವಳಿಯಿಂದ ಪತ್ತನಾಜೆವರೆಗೆ. ನಮಗೆ ಒಂದಕ್ಕೆ 15 ಸಾವಿರ ಸಿಕ್ಕಿದರೆ ಜೀಪಿಗೆ 3 ಸಾವಿರ ಹೋಗುತ್ತದೆ. ಉಳಿದದ್ದು ಐದು ಪಾಲು. ಅದರಲ್ಲಿ ಪೇಟೆಯ ಬಾಡಿಗೆ ಕಟ್ಟಲು ಆಗುವುದಿಲ್ಲ. ಸ್ಟುಡಿಯೋ ಬೇಕಾದರೆ ಕುಂಬಳೆಯಲ್ಲಿ ರೈಲು ಹತ್ತಿ, ಒಂದು ಗಂಟೆಯೊಳಗೆ ಮಂಗಳೂರು.

ಮಲಯಾಳಂನಲ್ಲಿ ಹಾಡಿದರೆ ಕೇಳುಗರು ಜಾಸ್ತಿ ಸಿಗುತ್ತಾರಾ ಅಂತಲೂ ಕೇಳಿದ್ದೀರಿ. ಸಿಗಬಹುದು. ಆದರೆ ನೀವು ಕನಸು ಕಾಣುವ ಭಾಷೆಯಲ್ಲಿ ಬರೆಯಿರಿ. ತುಳು, ಮಲಯಾಳಂ, ಕೊಂಕಣಿ, ಬ್ಯಾರಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುವ ಊರು ನಮ್ಮದು. ನಮ್ಮ ಕನ್ನಡ ಹಾಡಿಗೆ ಅತಿ ಜೋರಾಗಿ ಚಪ್ಪಾಳೆ ಬಿದ್ದದ್ದು ಕಾಞಂಗಾಡಿನ ಒಂದು ಕ್ಲಬ್ಬಿನಲ್ಲಿ. ಅರ್ಥ ಕೇಳಲು ಬಂದ ಹುಡುಗರಿಗೆ ಗಾಯಕ ವೇದಿಕೆಯ ಹಿಂದೆ ಕೂತು ಸಾಲು ಸಾಲಾಗಿ ಮಲಯಾಳಂನಲ್ಲಿ ಹೇಳಿದ.

ನಿಮ್ಮ ಆರು ಹಾಡು ಈಗ ಯಾರ ಮೇಲ್‌ನಲ್ಲಿವೆ? ಇವತ್ತೇ ನೋಡಿ. ನಮ್ಮ ಪುಟದ ನಮೂನೆ ಬೇಕಾದರೆ ಹೇಳಿ, ಫೋಟೋ ತೆಗೆದು ಕಳುಹಿಸುತ್ತೇನೆ.

ಆ ಹಳೇ ಐದು ಹಾಡಿಗೂ ನಾವು ಐದು ಪುಟ ಬರೆದಿಟ್ಟಿದ್ದೇವೆ. ವಾದ್ಯ ಸಂಯೋಜನೆಯ ಎದುರು ಶಾರ್ಜಾದವನ ಹೆಸರು, ಪಾಲು ಎಲ್ಲ ಉಂಟು. ಅದನ್ನು ಬರೆದದ್ದು ಗಾಯಕನೇ, ತನ್ನ ಕೈಯಲ್ಲಿ. ನಾಲ್ಕು ಸಹಿ ಆಗಿದೆ. ಡಿಸೆಂಬರಿನಲ್ಲಿ ಅವನಿಗೆ ರಜೆಯಂತೆ. ಫೋನ್ ಮಾಡಿ ಪುಟದ ವಿಷಯ ಹೇಳಿದೆ. ಅವ ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಈ ಸಲದ ಅಡಿಕೆ ಮಾರಿ ಆಯ್ತಾ, ಇಲ್ಲ ಕೋಣೆಯಲ್ಲೇ ಉಂಟಾ?" ಅಂತ ಕೇಳಿದ.