ಗೇಮ್ ಬಾಯ್ ಮಾರಿಯೋ: ಮೊದಲನೇದ್ರಿಂದನ ಶುರು ಮಾಡ್ರಿ

ಗೇಮ್ ಬಾಯ್ (ನಿಂಟೆಂಡೊದ ಕೈಯಾಗ ಹಿಡದು ಆಡೋ ಗೇಮ್ ಮಶಿನ್) ಮ್ಯಾಲಿನ ಸೂಪರ್ ಮಾರಿಯೋ ಲ್ಯಾಂಡ್ ಈಗ ಮತ್ತ ಆಡಿದ್ರ ಮಜಾ ಬರ್ತೈತೇನು, ಇಲ್ಲಾ ಸೀದಾ ಎರಡನೇ ಭಾಗಕ್ಕ ಹೋಗ್ಲ್ಯಾ ಅಂತ ಕೇಳೀರಲ್ರಿ, ಮೊದಲನೇದ ಆಡ್ರಿ. 1989ರ ಗೇಮ್, ಬರೇ 12 ಲೆವೆಲ್, ಸೇವ್ ಇಲ್ಲ, ಆದ್ರ ಕೈ ಕುಂತ್ರ ಹುಬ್ಬಳ್ಳ್ಯಾಗ ಟ್ರೇನ್ ಹತ್ತಿ ಗದಗ ಮುಟ್ಟೂದ್ರಾಗ ಮುಗೀತೈತಿ. ಒಂದ್ ಮಾತ್ ನೆನಪಿಡ್ರಿ, ಇದ್ರಾಗ ಆಮೆ ಚಿಪ್ಪು ಒದಿಯಾಕ ಬರೂದಿಲ್ಲ, ಮ್ಯಾಲ ಜಿಗದ್ರ ಸ್ವಲ್ಪ ಹೊತ್ತಿಗೆ ಬಾಂಬ್ ಹಂಗ ಸಿಡೀತೈತಿ, ಜಿಗದ ಕೂಡ್ಲೇ ದೂರ ಸರೀರಿ. ಸೂಪರ್‌ಬಾಲ್, ಅಂದ್ರ ಹೂವು ತಗೊಂಡ ಮ್ಯಾಲ ಮಾರಿಯೋ ಎಸಿಯೋ ಚೆಂಡು, ಅದಂತೂ ಗೋಡಿಗೆ ಬಡದು ಪುಟಿಯೋದಲ್ದ ನಾಣ್ಯಾನೂ ತಗೋತೈತಿ, ಭಾಳ ಛಲೋ ಐಡಿಯಾರಿ ಅದು. ಹಿರೊಕಾಜು ತನಾಕಾ ಮಾಡಿದ ಮ್ಯೂಸಿಕ್ ಸಲುವಾಗಿನ ನಾ ಇವತ್ತಿಗೂ ಆಡ್ತೀನಿ, ಹೆಡ್‌ಫೋನ್ ಹಾಕ್ಕೊಂಡು ಕೇಳ್ರಿ. 1992ರ ಎರಡನೇದು ದೊಡ್ಡದು, ಸೇವ್ ಐತಿ, ಆದ್ರ ಗೇಮ್ ಓವರ್ ಆದ್ರ ಬಾಸ್‌ಗಳನ್ನ (ದೊಡ್ಡ ವೈರಿಗಳನ್ನ) ಸೋಲಿಸಿ ಗಳಿಸಿದ ಬಂಗಾರದ ನಾಣ್ಯ ಎಲ್ಲಾ ಹೋಗ್ತಾವ, ಅದನ್ನ ಆಮ್ಯಾಲ ನಿವಾಂತ ಆಡ್ರಿ.