ಕಿಟ್ ಲೆಕ್ಕ ಆಮೇಲೆ ಹಾಕಿ, ಮೊದಲು ಗಿರಣಿ ನಡೀತಿದೆಯಾ ಕೇಳಿ

ನೆರೆ ಬಂದಾಗ ಆಹಾರ ನೆರವು ಕೊಡೋಕೆ 30 ಕಾರ್ಯಕರ್ತರಿಗೆ ಎರಡು ದಿನದ ತರಬೇತಿ ಕೊಡಬೇಕು, ಕಿಟ್‌ನಲ್ಲಿ ಏನೇನಿರಬೇಕು, ಕ್ಯಾಲೊರಿ ಲೆಕ್ಕ ಹೇಗೆ ಹೇಳಿಕೊಡೋದು ಅಂತ ಕೇಳಿದ್ದೀರಿ. 2019ರ ಜುಲೈನಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ.

ಆಗ ನಾನು ಧಾರವಾಡದ ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. 2009ರ ನೆರೆಯಲ್ಲಿ ಸ್ವಯಂಸೇವಕನಾಗಿ ಬಾಗಲಕೋಟೆ ಕಡೆ ಹೋಗಿದ್ದೆ. ಆ ಸಲ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಜಾಸ್ತಿ ಜನ ಸತ್ತರು. ಲಾರಿಗಟ್ಟಲೆ ಅಕ್ಕಿ ಬಂತು, ಹಳೆ ಬಟ್ಟೆ ಬಂತು. ಮೂರು ಹೊತ್ತೂ ರೊಟ್ಟಿ ತಿನ್ನುವ ಜನರ ಮುಂದೆ ಅಕ್ಕಿ ಚೀಲದ ರಾಶಿ. ಅದನ್ನು ನೋಡಿ, ಮುಂದೆ ನನ್ನ ಕೈಗೆ ಇಂಥ ಕೆಲಸ ಬಂದರೆ ಜನ ಏನು ತಿನ್ನುತ್ತಾರೋ ಅದನ್ನೇ ಕೊಡಬೇಕು ಅಂತ ಗಟ್ಟಿಯಾಗಿ ಅಂದುಕೊಂಡಿದ್ದೆ.

ಹಾಗಾಗಿ ನನ್ನ ತರಬೇತಿ ಜೋರಾಗಿಯೇ ಇತ್ತು. ಒಂದು ಹಾಲ್, ಪ್ರೊಜೆಕ್ಟರ್, 40 ಜನ. ವಿಪತ್ತಿನ ನೆರವಿಗೆ ಪ್ರಪಂಚದಾದ್ಯಂತ ಬಳಸುವ ಸ್ಫಿಯರ್ ಅನ್ನುವ ಕನಿಷ್ಠ ಮಾನದಂಡ ಹೇಳಿಕೊಟ್ಟೆ. ಒಬ್ಬರಿಗೆ ದಿನಕ್ಕೆ ಸರಾಸರಿ 2,100 ಕ್ಯಾಲೊರಿ, ಅದರಲ್ಲಿ ಶೇ 10ರಿಂದ 12 ಪ್ರೋಟೀನ್‌ನಿಂದ, ಶೇ 17 ಕೊಬ್ಬಿನಿಂದ ಬರಬೇಕು ಅನ್ನುವುದು. ಎರಡು ಪುಟದ ಒಂದು ಫಾರಂ ಮಾಡಿದ್ದೆ. ಅದನ್ನು ತುಂಬುವುದು ಹೇಗೆ ಅಂತ ಅರ್ಧ ದಿನ ಅಭ್ಯಾಸ ಮಾಡಿಸಿದೆ.

ಆಗಸ್ಟ್ ಎರಡನೇ ವಾರದ ಹೊತ್ತಿಗೆ ನೀರು ಬಂದೇ ಬಿಟ್ಟಿತು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ತುಂಬಿದವು. ಪಟ್ಟದಕಲ್ಲಿನ ಗುಡಿಗಳೇ ನೀರಲ್ಲಿ ನಿಂತವು. ನಮ್ಮ ತಂಡಕ್ಕೆ ಸಿಕ್ಕಿದ್ದು ಮಲಪ್ರಭೆಯ ದಂಡೆಯ ಒಂದು ಊರು, ಸುಮಾರು 180 ಮನೆ. ನೀರು ಇಳಿದ ಮೇಲೆ ಜನ ಗಂಜಿ ಕೇಂದ್ರದಿಂದ ಮನೆಗೆ ಮರಳುತ್ತಿದ್ದರು. ಫಾರಂ ತುಂಬಿದೆವು, ಕಿಟ್ ಕಟ್ಟಿದೆವು. 20 ಕೆಜಿ ಬಿಳಿಜೋಳ, 3 ಕೆಜಿ ತೊಗರಿಬೇಳೆ, 2 ಲೀಟರ್ ಎಣ್ಣೆ, ಉಪ್ಪು, ಖಾರದಪುಡಿ, ಬೆಲ್ಲ. ಐದು ಜನರ ಮನೆಗೆ ಒಂಬತ್ತು ದಿನ ಸಾಕು ಅಂತ ಲೆಕ್ಕ. ಜೋಳವೂ ಒಳ್ಳೆಯದೇ, ರೊಟ್ಟಿಗೆ ಹೆಸರಾದ ಮಾಲದಂಡಿ ತಳಿ. ಬೇರೆಯವರು ಇನ್ನೂ ಅಕ್ಕಿ ಹಂಚುತ್ತಿದ್ದರು, ನಾವು ಜೋಳ ಕೊಟ್ಟೆವು. ಆ ದಿನ ನನಗೆ ತುಂಬಾ ಹೆಮ್ಮೆ ಇತ್ತು.

ಆರು ದಿನ ಬಿಟ್ಟು ಮತ್ತೆ ಹೋದೆ. ಅರ್ಧ ಗೋಡೆ ಉಳಿದ ಒಂದು ಮನೆಯ ಮುಂದೆ ಒಬ್ಬ ಅಜ್ಜಿ ಕೂತಿದ್ದರು. ನಮ್ಮ ಚೀಲ ಪಕ್ಕದಲ್ಲೇ ಇತ್ತು. ಒಳಗೆ ಕೈ ಹಾಕಿ ಒಂದು ಹಿಡಿ ಜೋಳ ತೆಗೆದು ನನ್ನ ಅಂಗೈಗೆ ಸುರಿದರು. ಕಾಳು ಊದಿಕೊಂಡಿತ್ತು. ತುದಿಯಲ್ಲಿ ಬಿಳಿ ಮೊಳಕೆ. ಹುಳಿ ವಾಸನೆ. "ತಮ್ಮಾ, ಇದನ್ನ ಏನ್ ಮಾಡ್ಲಿ ಹೇಳು? ಗಿರಣಿ ಎಲ್ಲೈತಿ?" ಅಂದರು. ಬೈಯಲಿಲ್ಲ. ನಿಜವಾಗಿಯೂ ಕೇಳಿದರು.

ಊರಿನ ಗಿರಣಿ ಕೆಳಗಿನ ಓಣಿಯಲ್ಲಿತ್ತು. ಮೋಟಾರ್ ಒಳಗೆಲ್ಲ ಕೆಸರು. ಕರೆಂಟ್ ಕಂಬಗಳು ಬಿದ್ದಿದ್ದವು. ಪಕ್ಕದ ಊರಿನ ಗಿರಣಿಗೆ ಹೋಗಬೇಕೆಂದರೆ ಸೇತುವೆ ದಾಟಬೇಕು, ಆ ಸೇತುವೆ ಕೊಚ್ಚಿಹೋಗಿತ್ತು. ಬೀಸುವ ಕಲ್ಲು ಕೆಲವು ಮನೆಯಲ್ಲಿದ್ದವು, ಅವೂ ಕೆಸರಿನ ಅಡಿಯಲ್ಲಿ. ಹಿಟ್ಟು ಹೇಗೋ ಸಿಕ್ಕಿತು ಅಂದುಕೊಳ್ಳಿ, ಜೋಳದ ಹಿಟ್ಟು ತಣ್ಣೀರಲ್ಲಿ ಗೋಧಿ ಹಿಟ್ಟಿನ ಹಾಗೆ ಜಿಗಿ ಬರಲ್ಲ, ಕುದಿಯುವ ಎಸರು ಹಾಕಿ ನಾದಬೇಕು. ಎಸರು ಕಾಯಬೇಕೆಂದರೆ ಒಣ ಕಟ್ಟಿಗೆ ಬೇಕು. ಊರಲ್ಲಿ ಒಂದು ಒಣ ಕಟ್ಟಿಗೆ ಇರಲಿಲ್ಲ. ಸಿಲಿಂಡರ್‌ಗಳು ತೇಲಿ ಹೋಗಿದ್ದವು. ರೊಟ್ಟಿ ಬೇಯಿಸುವ ಹಂಚು ಹೋಗಿತ್ತು, ಹಿಟ್ಟು ನಾದುವ ಪರಾತ ಹೋಗಿತ್ತು.

ಇದರಲ್ಲಿ ನನಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ನಮ್ಮ ಅವ್ವ ದಿನಾ ರೊಟ್ಟಿ ಬಡಿಯುವುದನ್ನು ನೋಡುತ್ತಲೇ ಬೆಳೆದವನು ನಾನು. ವಾರಕ್ಕೊಮ್ಮೆ ತಲೆ ಮೇಲೆ ಜೋಳದ ಬುಟ್ಟಿ ಇಟ್ಟುಕೊಂಡು ಗಿರಣಿಗೆ ಹೋದವನೂ ನಾನೇ. ಜೋಳದ ಹಿಟ್ಟು ಬೇಗ ಕಹಿಯಾಗುತ್ತೆ, ಅದಕ್ಕೇ ಯಾರೂ ಹಿಟ್ಟು ಕೂಡಿಡಲ್ಲ, ಕಾಳು ಇಟ್ಟುಕೊಂಡು ವಾರ ವಾರ ಬೀಸಿಸುತ್ತಾರೆ. ಅಂದರೆ ಆ ಕಡೆ ಊಟ ನಿಂತಿರುವುದೇ ಗಿರಣಿ ಮೇಲೆ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಎರಡು ಪುಟದ ಫಾರಂನಲ್ಲಿ ಗಿರಣಿ ಅನ್ನುವ ಪದವೇ ಇರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಇದೇ ನನ್ನನ್ನು ಈಗಲೂ ಕಾಡುವುದು. ತರಬೇತಿ ಪಡೆದವರಲ್ಲಿ ಡಿಗ್ರಿ ಓದುತ್ತಿದ್ದ ಒಬ್ಬ ಹುಡುಗಿ ಇದ್ದಳು. ಮೊದಲ ದಿನ ಮನೆ ಮನೆ ತಿರುಗುವಾಗ ಬಂದು ಕೇಳಿದಳು, "ಸರ್, ಗಿರಣಿ ಬಂದ್ ಆಗಿದೆ ಅಂತಾರೆ. ಅದನ್ನ ಎಲ್ಲಿ ಬರೀಲಿ?" ನಾನು ಫಾರಂ ನೋಡಿದೆ. ಜಾಗ ಇರಲಿಲ್ಲ. "ಅದನ್ನ ಆಮೇಲೆ ನೋಡೋಣ, ಮೊದಲು ಎಲ್ಲ ಕಾಲಂ ತುಂಬು" ಅಂದೆ. ಅವಳು ತುಂಬಿದಳು. ಸಂಜೆ 180 ಫಾರಂ ಬಂದವು, ಎಲ್ಲವೂ ಚೊಕ್ಕ. "ಸ್ಥಳೀಯ ಊಟದ ಪದ್ಧತಿಗೆ ಹೊಂದುತ್ತದೆಯೇ?" ಅನ್ನುವ ಪ್ರಶ್ನೆಗೆ ಎಲ್ಲದರಲ್ಲೂ "ಹೌದು". ಕಣ್ಣಿಗೆ ಕಂಡಿದ್ದನ್ನು ಬಂದು ಹೇಳಿದವಳನ್ನು ನಾನು ಕಾಗದದ ಕಡೆ ತಿರುಗಿಸಿ ಕಳಿಸಿದೆ. ಆ ಊರಿನ ಮನೆಗಳು ಆರು ದಿನ ಬಿಸ್ಕತ್ತು, ಒಣ ಅವಲಕ್ಕಿ ತಿಂದುಕೊಂಡಿದ್ದು ಆ ಒಂದು ಮಾತಿನಿಂದ. ಎಷ್ಟೋ ಮನೆಯವರು ನಮ್ಮ ಜೋಳವನ್ನು ಅರ್ಧ ಬೆಲೆಗೆ ಮಾರಿಬಿಟ್ಟಿದ್ದರು. ಅದು ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ, ಆ ಜಾಗದಲ್ಲಿ ನಾನಿದ್ದರೂ ಮಾರುತ್ತಿದ್ದೆ.

ಕೊನೆಗೆ ಊರನ್ನು ಕಾಪಾಡಿದ್ದು ಯಾರು ಗೊತ್ತಾ? ನೀರು ಬಾರದ ಊರುಗಳ ಹೆಂಗಸರು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಪುಡಿ ಟ್ರ್ಯಾಕ್ಟರ್‌ನಲ್ಲಿ ಬಂತು. ಖಡಕ್ ರೊಟ್ಟಿಗೆ ಒಲೆ ಬೇಡ, ನೀರು ಬೇಡ, ವಾರಗಟ್ಟಲೆ ಕೆಡಲ್ಲ. ಅವರಿಗೆ ಯಾವ ತರಬೇತಿಯೂ ಆಗಿರಲಿಲ್ಲ. ಒಲೆ ಹತ್ತದ ಮನೆಗೆ ಏನು ಕಳಿಸಬೇಕು ಅನ್ನುವುದು ದಿನಾ ಒಲೆ ಹಚ್ಚುವವರಿಗೆ ಗೊತ್ತಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪಲ್ಲ. ಕಿಟ್‌ನಿಂದ ಶುರು ಮಾಡಿದ ತರಬೇತಿ ಕಿಟ್ ಹಂಚುವವರನ್ನು ತಯಾರು ಮಾಡುತ್ತೆ, ಅಷ್ಟೇ. ಚೀಲದಿಂದ ಬಾಯಿಯವರೆಗೆ ಊಟ ಎಲ್ಲೆಲ್ಲಿ ನಿಲ್ಲುತ್ತೆ ಅಂತ ಹುಡುಕುವವರು ನಿಮಗೆ ಬೇಕು. 2,100 ಹೇಳಿಕೊಡಿ, ಬೇಡ ಅನ್ನಲ್ಲ. ಅದು ಗೋಡೌನ್‌ನಲ್ಲಿ ಎಷ್ಟು ಚೀಲ ಬೇಕು ಅಂತ ಲೆಕ್ಕ ಹಾಕೋಕೆ ಉಪಯೋಗಕ್ಕೆ ಬರುವ ಸರಾಸರಿ. ಅರ್ಧ ಗಂಟೆ ಸಾಕು.

ಹಾಲ್ ಬಿಟ್ಟು ನದಿ ದಂಡೆಯ ಒಂದು ಊರಿಗೇ ಕರೆದುಕೊಂಡು ಹೋಗಿ. ನಾವು ಮರುವರ್ಷ ಹಾಗೇ ಮಾಡಿದೆವು. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದು ಕಿಟ್, ಮೂರು ಕಲ್ಲು, ಬೇಕೆಂತಲೇ ನೀರಲ್ಲಿ ನೆನೆಸಿದ ಕಟ್ಟಿಗೆ. ಮಧ್ಯಾಹ್ನ ಒಂದು ಗಂಟೆಗೆ ಐದು ಜನರಿಗೆ ಊಟ ಆಗಬೇಕು, ಅಂಗಡಿಗೆ ಹೋಗುವಂತಿಲ್ಲ. ಎರಡು ಗಂಟೆಗೂ ಯಾರ ಒಲೆಯೂ ಹತ್ತಲಿಲ್ಲ. ಅಲ್ಲಿ ಕೂತು ಅವರೇ ಪಟ್ಟಿ ಮಾಡಿದರು: ಹಿಟ್ಟು, ಬೆಂಕಿಪೊಟ್ಟಣ, ಪಾತ್ರೆ, ಕುಡಿಯುವ ನೀರು, ಒಣ ಉರುವಲು. 2020ರ ಅಕ್ಟೋಬರ್‌ನಲ್ಲಿ ಭೀಮಾ ತುಂಬಿ ಕಲಬುರಗಿ, ಯಾದಗಿರಿ ಕಡೆ ನೀರು ನುಗ್ಗಿದಾಗ ನಮ್ಮ ಮೊದಲ ಗಾಡಿಯಲ್ಲಿ ಹೋಗಿದ್ದು ಖಡಕ್ ರೊಟ್ಟಿ, ಚಟ್ನಿಪುಡಿ, ನೀರು. ಎರಡನೆಯದರಲ್ಲಿ ಹಿಟ್ಟು, ಒಲೆ, ಪಾತ್ರೆ. ಕಾಳು ಕೊನೆಗೆ ಹೋಯಿತು, ಗಿರಣಿ ಶುರುವಾದ ಮೇಲೆ.

ಯಾರನ್ನು ಕೇಳಬೇಕು ಅನ್ನೋದನ್ನೂ ಹೇಳಿಕೊಡಿ. ಕಟ್ಟೆ ಮೇಲೆ ಕೂತ ಗಂಡಸರನ್ನು ಕೇಳಿದರೆ "ಎಲ್ಲ ಬೇಕು" ಅಂತಾರೆ. ಅಡುಗೆ ಮಾಡುವವರನ್ನು ಕೇಳಿ. ಕಳೆದ 7 ದಿನದಲ್ಲಿ ಎಷ್ಟು ದಿನ ಬೇಡದ ಅಗ್ಗದ ಊಟ ಮಾಡಿದಿರಿ, ಎಷ್ಟು ದಿನ ಊಟದ ಸಾಮಾನು ಸಾಲ ತಂದಿರಿ ಅಥವಾ ನೆಂಟರ, ಗೆಳೆಯರ ನೆರವು ಪಡೆದಿರಿ, ತಟ್ಟೆಗೆ ಕಡಿಮೆ ಹಾಕಿದಿರಿ, ಹೊತ್ತಿನ ಊಟ ಬಿಟ್ಟಿರಿ, ಮಕ್ಕಳಿಗಾಗಿ ದೊಡ್ಡವರು ತಿನ್ನದೆ ಉಳಿದಿರಿ. ಈ ಐದು ಪ್ರಶ್ನೆ ಪ್ರಪಂಚದ ಎಲ್ಲ ಕಡೆ ಬಳಸುತ್ತಾರೆ. ಕೊನೆಯದರ ದಿನಗಳನ್ನು ಮೂರರಿಂದ, ಸಾಲದ್ದನ್ನು ಎರಡರಿಂದ, ಉಳಿದವನ್ನು ಒಂದರಿಂದ ಗುಣಿಸಿ ಕೂಡಿಸಬೇಕು, ಮೊತ್ತ ಹೆಚ್ಚಿದಷ್ಟೂ ಊಟದ ಕಷ್ಟ ಹೆಚ್ಚು. ನನ್ನ ಎರಡು ಪುಟಕ್ಕಿಂತ ಈ ಐದು ಎಷ್ಟೋ ಮೇಲು. ಇದರ ಕೆಳಗೆ ಅರ್ಧ ಪುಟ ಖಾಲಿ ಬಿಡಿ, "ನಿಮಗೆ ಕಂಡದ್ದು" ಅಂತ ಬರೆದು. ಸಂಜೆ ಸಭೆಯಲ್ಲಿ ಮೊದಲು ಓದಬೇಕಾದ್ದು ಆ ಅರ್ಧ ಪುಟ.

ಹಂಚುವ ಜಾಗವನ್ನೂ ನೋಡಿಕೊಳ್ಳಿ. ಗುಡಿ ಮುಂದೆ ಹಂಚಿದರೆ ದಲಿತ ಕೇರಿಯವರು ಕೊನೆಗೆ ಬರುತ್ತಾರೆ, ಕೆಲವರು ಬರುವುದೇ ಇಲ್ಲ. ಹೊಲದ ವಸ್ತಿಯಲ್ಲಿ ಇರುವವರು, ಕುರಿ ಮೇಯಿಸಿಕೊಂಡು ಬಂದವರು ಯಾವ ಪಟ್ಟಿಯಲ್ಲೂ ಇರಲ್ಲ. ದನಕ್ಕೆ ಮೇವಿಲ್ಲ ಅಂತಲೇ ಎಷ್ಟೋ ಜನ ಊರು ಬಿಟ್ಟು ಕದಲಲ್ಲ, ಅದೂ ಊಟದ ವಿಷಯವೇ. ಕಾಳು ಕೂಡಿಡುವ ನೆಲದೊಳಗಿನ ಗುಂಡಿ, ಅಂದರೆ ಹಗೇವಿಗೆ ನೀರು ನುಗ್ಗಿದ್ದರೆ ಕಾಳು ಕೊಳೆತು ಒಳಗೆ ಉಸಿರುಗಟ್ಟುವ ಗಾಳಿ ತುಂಬಿರುತ್ತೆ, ನಿಮ್ಮ ಹುಡುಗರು ಸಹಾಯಕ್ಕೆ ಅಂತ ಒಳಗೆ ಇಳಿಯದ ಹಾಗೆ ಕಟ್ಟುನಿಟ್ಟಾಗಿ ಹೇಳಿ. ಹಣ ಕೊಡೋದಾ, ಸಾಮಾನು ಕೊಡೋದಾ ಅಂತ ಜಗಳ ಬಂದರೆ ಹತ್ತಿರದ ಸಂತೆಗೆ ಹೋಗಿ ಬನ್ನಿ. ಅಂಗಡಿ ತೆರೆದಿದ್ದು, ಬೆಲೆ ಏರಿಲ್ಲದಿದ್ದರೆ ಹಣವೇ ಒಳ್ಳೆಯದು. ಏನು ಬೇಕೋ ಅದನ್ನು ಮನೆಯವರೇ ತಂದುಕೊಳ್ಳುತ್ತಾರೆ.

ಹಾಲಿನ ಪುಡಿ ವಿಷಯದಲ್ಲಿ ಮಾತ್ರ ನನ್ನ ಜೊತೆ ವಾದ ಬೇಡ. ಯಾರೋ ಒಳ್ಳೆ ಮನಸ್ಸಿಂದ ಮಕ್ಕಳ ಹಾಲಿನ ಪುಡಿ, ಬಾಟಲಿ ಕಳಿಸುತ್ತಾರೆ. ನೆರೆಯ ಊರಲ್ಲಿ ಆ ಪುಡಿ ಕಲಸೋಕೆ ಶುದ್ಧ ನೀರೂ ಇಲ್ಲ, ಬಾಟಲಿ ಕುದಿಸೋಕೆ ಒಲೆಯೂ ಇಲ್ಲ. ಕೂಸಿಗೆ ಬೇಧಿ ಹಿಡಿಯುತ್ತೆ. ನಮ್ಮ ದೇಶದಲ್ಲಿ 1992ರ ಕಾನೂನೇ ಇದೆ, ಇಂಥದ್ದನ್ನು ಮನಸ್ಸಿಗೆ ಬಂದಂತೆ ಹಂಚುವಂತಿಲ್ಲ. ಹಾಲುಣಿಸುವ ತಾಯಿಗೆ ಹೊಟ್ಟೆ ತುಂಬಾ ಊಟ ಕೊಡಿ, ಕೇಂದ್ರದಲ್ಲಿ ಒಂದು ಮೂಲೆಗೆ ಸೀರೆ ಪರದೆ ಕಟ್ಟಿಕೊಡಿ. ಮಕ್ಕಳ ಅಪೌಷ್ಟಿಕತೆ ಪತ್ತೆಹಚ್ಚಲು ತೋಳಿನ ಸುತ್ತಳತೆ ಅಳೆಯುವ ಪಟ್ಟಿ ಬಳಸೋದನ್ನು ಎಲ್ಲರಿಗೂ ಕಲಿಸಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 115 ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ಅದು ಕಿಟ್‌ನಿಂದ ಸರಿಹೋಗುವ ಕೇಸ್ ಅಲ್ಲ, ಅದೇ ದಿನ ಆಸ್ಪತ್ರೆಗೆ ಕಳಿಸಬೇಕು. 115 ಅಥವಾ ಹೆಚ್ಚು, ಆದರೆ 125ರ ಒಳಗಿದ್ದರೆ ಅಂಗನವಾಡಿ ಟೀಚರ್‌ಗೆ ಹೆಸರು ಕೊಟ್ಟು ಮುಂದಿನ ವಾರ ಮತ್ತೆ ಅಳೆಯಬೇಕು.

ಆ ಹುಡುಗಿ ಈಗ ನಮ್ಮಲ್ಲೇ ತರಬೇತಿ ಕೊಡುತ್ತಾಳೆ. ನಿಮ್ಮ ಪ್ರಶ್ನೆಯನ್ನು ಅವಳಿಗೆ ತೋರಿಸಿದೆ. ಒಂದೇ ಕೆಲಸ ಹೇಳಿದಳು. ತರಬೇತಿಗೆ ಬರುವ ಮೊದಲು ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಸುತ್ತ ಡೀಸೆಲ್ ಎಂಜಿನ್ ಗಿರಣಿ ಯಾರ ಹತ್ತಿರ ಇದೆ ಅಂತ ವಿಚಾರಿಸಿ, ಹೆಸರು, ಫೋನ್ ನಂಬರ್ ಬರೆದುಕೊಂಡು ಬರಲಿ. ಜೂನ್‌ನಲ್ಲೇ ಬರೆಸಿ. ಆಗಸ್ಟ್‌ನಲ್ಲಿ ಫೋನ್ ಹತ್ತಲ್ಲ.