ಅಂಗಡಿಯಲ್ಲಿ ಸರಿ, ಪುಸ್ತಕದಲ್ಲಿ ತಪ್ಪು: ಮಗುವಿನ ಲೆಕ್ಕ ಎಲ್ಲಿ ಜಾರುತ್ತದೆ?

ಪ್ರಶ್ನೆ: ನಾಲ್ಕನೇ ತರಗತಿಯ ನಮ್ಮ ಮಗ ಸಂಜೆ ಹೂವಿನ ಅಂಗಡಿಯಲ್ಲಿ ಕೂತರೆ ಚಿಲ್ಲರೆಯಲ್ಲಿ ಒಂದು ರೂಪಾಯಿಯೂ ಹೆಚ್ಚುಕಮ್ಮಿ ಆಗುವುದಿಲ್ಲ. ಪುಸ್ತಕದಲ್ಲಿ ಮಾತ್ರ 200ರಲ್ಲಿ 135 ಕಳೆದು 135 ಎಂದೇ ಬರೆದಿದ್ದಾನೆ. ಗಮನ ಸಾಲದು ಎನ್ನುತ್ತಾರೆ ಮೇಷ್ಟ್ರು. ನಿಜವೇ?

ಉತ್ತರ: ಅಲ್ಲ. ಅವನ ಉತ್ತರವನ್ನೇ ಬಿಡಿಸಿ ನೋಡಿ. 0ಯಲ್ಲಿ 5 ಹೋಗದು ಎಂದು 5ರಲ್ಲಿ 0 ಕಳೆದಿದ್ದಾನೆ, ಆಮೇಲೆ 3ರಲ್ಲಿ 0, ಕೊನೆಗೆ 2ರಲ್ಲಿ 1. ಮೂರೂ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಒಂದೇ ನಿಯಮ. ಗಮನ ತಪ್ಪಿದ ಮಗುವಿನ ತಪ್ಪು ಇಷ್ಟು ಶಿಸ್ತಾಗಿ ಇರುವುದಿಲ್ಲ.

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ 9ರಿಂದ 15 ವರ್ಷದ ಐದು ಮಕ್ಕಳನ್ನು ಸಂಶೋಧಕಿ ಟೆರೆಜಿನ್ಯಾ ಕಾರಹರ್ ಮತ್ತು ಸಂಗಡಿಗರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ವ್ಯಾಪಾರದಲ್ಲಿ ಶೇ. 98 ಉತ್ತರ ಸರಿ. ಅದೇ ಲೆಕ್ಕ ವಾಕ್ಯರೂಪದಲ್ಲಿ ಕೊಟ್ಟಾಗ ಶೇ. 74, ಬರೀ ಅಂಕಿಗಳಲ್ಲಿ ಶೇ. 37. ಐದೇ ಮಕ್ಕಳಾದ್ದರಿಂದ ಶೇಕಡಾವಾರಿಗಿಂತ ಅವರು ಹಿಡಿದ ದಾರಿ ಮುಖ್ಯ. 35ರ ಬೆಲೆಯ ನಾಲ್ಕು ತೆಂಗಿನಕಾಯಿಗೆ ಅವರಲ್ಲೊಬ್ಬ ಹುಡುಗ ಮೂರಕ್ಕೆ 105, ಅದಕ್ಕೆ 30 ಸೇರಿಸಿ 135, ಇನ್ನು 5 ಸೇರಿಸಿ 140 ಎಂದು ಕೂಡಿಸುತ್ತಾ ಹೋದ. ಕಾಗದದಲ್ಲಿ 35×4 ಬಂದಾಗ 5×4=20ರ ದಶಕದ 2ನ್ನು ಮೊದಲೇ 3ಕ್ಕೆ ಸೇರಿಸಿ, ಬಂದ 5ನ್ನು 4ರಿಂದ ಗುಣಿಸಿ, 200 ಬರೆದ. ಬಾಯಿಲೆಕ್ಕದಲ್ಲಿ 30 ಎಂಬುದು 30 ಆಗಿಯೇ ಉಳಿಯುತ್ತದೆ. ಕಾಗದದಲ್ಲಿ ಅದು ಬರೀ 3.

ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳಲ್ಲೂ ಇದೇ ಕಂಡದ್ದು 2025ರಲ್ಲಿ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಬಂತು. ವ್ಯಾಪಾರ ಮಾಡದ ಶಾಲಾಮಕ್ಕಳು ಅಲ್ಲಿ ಮಾರುಕಟ್ಟೆಯ ಲೆಕ್ಕಕ್ಕೆ ತಡವರಿಸಿದರು. ಅಂಗಡಿ ಲೆಕ್ಕ, ಪುಸ್ತಕದ ಲೆಕ್ಕ ಎರಡನ್ನೂ ಬೆಸೆಯುವುದು ನಾವೇ ಕೂತು ಕಲಿಸಬೇಕಾದ ಕೆಲಸ.

ನೂರರ ಎರಡು ನೋಟು ಕೊಟ್ಟು, 135 ರೂಪಾಯಿ ಹೂವಿಗೆ ಎಷ್ಟು ವಾಪಸ್ ಎಂದು ಮೊದಲು ಬಾಯಲ್ಲಿ ಹೇಳಿಸಿ. 65 ಎನ್ನುತ್ತಾನೆ. ಈಗ ಒಂದು ನೂರನ್ನು ಹತ್ತರ ಹತ್ತು ನೋಟಾಗಿ, ಅದರಲ್ಲಿ ಒಂದನ್ನು ಒಂದು ರೂಪಾಯಿಯ ಹತ್ತು ನಾಣ್ಯವಾಗಿ ಅವನೇ ಚಿಲ್ಲರೆ ಮಾಡಲಿ. ಮುಂದೆ ಇರುವುದು 1 ನೂರು, 9 ಹತ್ತು, 10 ಬಿಡಿ. ಒಂದೊಂದು ಸಲ ಚಿಲ್ಲರೆ ಮಾಡಿದಾಗಲೂ ಕೈ ನಿಲ್ಲಿಸಿ ಪುಸ್ತಕದಲ್ಲಿ ಬರೆಸಿ. ದಶಕ ತೆಗೆದುಕೊಳ್ಳುವುದೆಂದರೆ ಏನೆಂದು ತಿಳಿಯುವುದು ಇಲ್ಲೇ. ನೋಟು ಎಣಿಸಿ ಮುಗಿದ ಮೇಲೆ ಬರೆಸಿದರೆ ಮತ್ತೆ ಎರಡೂ ಬೇರೆಬೇರೆಯಾಗಿ ಉಳಿಯುತ್ತವೆ. ದಿನಕ್ಕೆ ಎರಡು ಲೆಕ್ಕ ಸಾಕು. ಬರೆದದ್ದು ಬಾಯಲ್ಲಿ ಹೇಳಿದ್ದಕ್ಕೆ ತಾಳೆಯಾಗದಿದ್ದರೆ ನೀವು ತಿದ್ದಬೇಡಿ, ಯಾವುದು ಸರಿ ಎಂದು ಅವನನ್ನೇ ಕೇಳಿ.

ಅಂಗಡಿ ಲೆಕ್ಕವೇ ಸಾಕೆಂದು ಬರವಣಿಗೆ ಬಿಡಿಸಬೇಡಿ. 47×68 ಬಂದರೆ ಕೂಡಿಸುತ್ತಾ ಹೋಗುವ ದಾರಿ ನೆನಪಿನಲ್ಲಿ ನಿಲ್ಲದು. ಮೂರಂಕಿಯ ಕಳೆಯುವಿಕೆ ಸಲೀಸಾದ ಮೇಲೆ 403−126ರಂತೆ ನಡುವೆ ಸೊನ್ನೆ ಇರುವುದನ್ನು ಕೊಡಿ. ಅಲ್ಲಿ ಎಡವಿದರೆ ಮತ್ತೆ ನೋಟು, ನಾಣ್ಯ ಹೊರಗೆ ತೆಗೆಯಿರಿ.